ಮೊದಲು ಕಾಡಿನ ಗೇಟು, ಆಮೇಲೆ ಗೊಮ್ಮಟ

ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಬಸದಿ ನೋಡಿ ಹಾಗೇ ಕುದುರೆಮುಖವನ್ನೂ ಹತ್ತಿ ಬರೋಣ ಎಂದು ಹೊರಡುವವರು ಬಹಳ. ಅವರಲ್ಲಿ ಎಷ್ಟೋ ಮಂದಿ ಕೊನೆಗೆ ಚೆಕ್‌ಪೋಸ್ಟ್‌ನಲ್ಲಿ ಅರಣ್ಯ ಸಿಬ್ಬಂದಿಯ ಜೊತೆ ವಾದಕ್ಕಿಳಿದಿರುತ್ತಾರೆ. ಬಸದಿ ಎಲ್ಲಿಗೂ ಓಡಿಹೋಗುವುದಿಲ್ಲ. ಕುದುರೆಮುಖದ ರಾಷ್ಟ್ರೀಯ ಉದ್ಯಾನಕ್ಕೆ ಮಾತ್ರ ಹೊತ್ತುಗೊತ್ತು ಇದೆ. ಪ್ರವಾಸದ ಲೆಕ್ಕಾಚಾರ ಅಲ್ಲಿಂದಲೇ ಶುರುವಾಗಲಿ.

1. ತಿಂಗಳು: ಅಕ್ಟೋಬರ್‌ನಿಂದ ಜನವರಿ. ಬೇಸಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುತ್ತಾರೆ. ಮಳೆಗಾಲದ ಹಸಿರಿನ ಫೋಟೊ ನೋಡಿ ಮರುಳಾಗಬೇಡಿ. ಇಂಬಳಗಳು (ಜಿಗಣೆಗಳು) ಫೋಟೊದಲ್ಲಿ ಕಾಣುವುದಿಲ್ಲ.

2. ಬುಕಿಂಗ್: ಎಡವುವುದೇ ಇಲ್ಲಿ. ಕುದುರೆಮುಖ ಶಿಖರದ ಚಾರಣಕ್ಕೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಕಾಯ್ದಿರಿಸಬೇಕು. ಶನಿವಾರ, ಭಾನುವಾರದ ಜಾಗ ಬೇಗ ತುಂಬುತ್ತದೆ. ರಜೆ ಇದ್ದರೆ ವಾರದ ನಡುವೆ ಹೋಗಿ, ಕಾಡೂ ಕಾಡಿನಂತಿರುತ್ತದೆ. ಬುಕಿಂಗ್‌ನಲ್ಲಿ ಕೊಟ್ಟ ಗುರುತಿನ ಚೀಟಿಯನ್ನೇ ಒಯ್ಯಿರಿ. ಟಿಕೆಟ್ ಮುದ್ರಿಸಿಟ್ಟುಕೊಳ್ಳಿ, ಮೇಲೆ ನೆಟ್‌ವರ್ಕ್ ನೆಚ್ಚುವಂತಿಲ್ಲ. ‘ಪರ್ಮಿಟ್ ನಾವು ಮಾಡಿಸ್ತೇವೆ, ನೀವು ಬನ್ನಿ’ ಎನ್ನುವ ಏಜೆಂಟರಿಗೆ ದುಡ್ಡು ಕೊಡುವ ಮೊದಲು ನಿಮ್ಮ ಹೆಸರಿರುವ ಟಿಕೆಟ್ ಕೇಳಿ. ಅದು ಕೈಗೆ ಬರದಿದ್ದರೆ ಪರ್ಮಿಟ್ಟೇ ಇಲ್ಲವೆಂದು ತಿಳಿಯಿರಿ.

ಚಾರಣ ಶುರುವಾಗುವುದು ಮುಳ್ಳೋಡಿಯಿಂದ. ಅಲ್ಲಿಯವರೆಗಿನ ಹಾದಿ ಸ್ಥಳೀಯ ಜೀಪುಗಳದ್ದು, ನಿಮ್ಮ ಕಾರಿನದ್ದಲ್ಲ. ಹಿಂದಿನ ರಾತ್ರಿಯೇ ಸಂಸೆ ಅಥವಾ ಕಳಸದ ಕಡೆ ಹೋಮ್‌ಸ್ಟೇ ಹಿಡಿಯಿರಿ. ಕಾರ್ಕಳದಲ್ಲಿ ತಿಂಡಿ ತಿಂದು ಹೊರಟರೆ ಬೆಟ್ಟದ ಬುಡ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿರುತ್ತದೆ. 1,890 ಮೀಟರ್ ಮೀರಿದ ಶಿಖರವನ್ನು ಹತ್ತಿ, ಬೆಳಕಿರುವಾಗಲೇ ಇಳಿಯಬೇಕು.

3. ಕಾಡಿನ ರಸ್ತೆ: ಕಾರ್ಕಳದಿಂದ ಬಜಗೋಳಿ, ಮಾಳ ದಾಟಿ ಎಸ್‌.ಕೆ. (ಸೌತ್ ಕೆನರಾ) ಬಾರ್ಡರ್. ಅಲ್ಲಿಂದ ಒಂದು ದಾರಿ ಶೃಂಗೇರಿಗೆ, ಇನ್ನೊಂದು ಕುದುರೆಮುಖ, ಕಳಸಕ್ಕೆ. ಚೆಕ್‌ಪೋಸ್ಟ್‌ನಲ್ಲಿ ಹೊತ್ತು ಬರೆದ ಚೀಟಿ ಕೊಟ್ಟರೆ ಜೋಪಾನ. ಆ ಗೇಟಿಗೂ ಈ ಗೇಟಿಗೂ ನಡುವೆ ನೀವು ತೆಗೆದುಕೊಂಡ ಸಮಯವನ್ನು ಅದರಿಂದಲೇ ಅಳೆಯುತ್ತಾರೆ. ತಿರುವಿಗೊಂದು ಸೆಲ್ಫಿ ಎಂದರೆ ದಂಡಕ್ಕೆ ಸಿದ್ಧರಾಗಿ. ಕತ್ತಲಾದ ಮೇಲೆ ಗೇಟು ತೆಗೆಯುತ್ತಾರೆಂಬ ಭರವಸೆಯೂ ಬೇಡ. ಪೆಟ್ರೋಲು, ಬುತ್ತಿ ಕೆಳಗೇ ತುಂಬಿಸಿಕೊಳ್ಳಿ. ನಕ್ಷೆಯಲ್ಲಿ ಕಾಣುವ ಕುದುರೆಮುಖ ಪಟ್ಟಣ ಕಬ್ಬಿಣದ ಅದಿರಿನ ಕಂಪನಿ ಕಟ್ಟಿಸಿದ್ದು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು, ಮನೆಗಳು ಬಹುಪಾಲು ಖಾಲಿಯಾದವು. ಊಟದ ಹೋಟೆಲು ನೆಚ್ಚಿ ಹೋಗಬೇಡಿ.

ಇಂಬಳಕ್ಕೆ ಅಂಗಡಿಯ ಸ್ಪ್ರೇ ಬಾಟಲಿ ವ್ಯರ್ಥ. ನಾಲ್ಕು ತೊರೆ ದಾಟಿದರೆ ತೊಳೆದುಹೋಯಿತು. ಮೊಣಕಾಲುದ್ದದ ಬಟ್ಟೆಯ ಲೀಚ್ ಸಾಕ್ಸ್ ಕೊಳ್ಳಿ. ರಸ್ತೆಬದಿಯ ತೆಳು ರೇನ್‌ಕೋಟ್ ಮೊದಲ ಮುಳ್ಳುಪೊದೆಗೇ ಹರಿದು ಚಿಂದಿಯಾಗಿ ಕಾಡಿಗೆ ಕಸವಾಗುತ್ತದೆ.

4. ಬಸದಿಗಳಿಗೊಂದು ದಿನ: ವೇಣೂರು, ಮೂಡುಬಿದಿರೆ, ಕಾರ್ಕಳ, ಇದೇ ಕ್ರಮ. ಊರಿಂದೂರಿಗೆ ಇಪ್ಪತ್ತು ಕಿ.ಮೀ. ಆಸುಪಾಸು. ವೇಣೂರಿನ ಗೊಮ್ಮಟ 1604ರದ್ದು, 35 ಅಡಿ. ಬೆಳಗಿನ ತಂಪಿನಲ್ಲೇ ಮುಗಿಸಿ. ಮಧ್ಯಾಹ್ನಕ್ಕೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ, 1430ರದ್ದು. ಕಂಬ ಎಣಿಸುವ ಚಟ ಬಿಟ್ಟು ಕೆತ್ತನೆ ನೋಡಿ. ಒಳಗೆ ನೆರಳಿದೆ, ಅವಸರವಿಲ್ಲ. ಕಾರ್ಕಳ ಸಂಜೆಗೇ ಇರಲಿ. ವೀರಪಾಂಡ್ಯ 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟ ಇರುವುದು ಬೋಳು ಬಂಡೆಯ ಮೇಲೆ, ಚಪ್ಪಲಿ ಬಿಟ್ಟೇ ಹೋಗಬೇಕು. ನಡುಮಧ್ಯಾಹ್ನ ಆ ಬಂಡೆ ಕಾದ ಕಾವಲಿ. ಗೊಮ್ಮಟನನ್ನು ನೋಡದೆ ನೆರಳು ಹುಡುಕುತ್ತಾ ಕುಣಿಯುವವರೇ ಜಾಸ್ತಿ. ಇಳಿದು ಎದುರಿನ ಚತುರ್ಮುಖ ಬಸದಿಗೆ ಹೋಗಿ. 1586ರ ಈ ಕಟ್ಟಡ ನಾಲ್ಕು ದಿಕ್ಕಿನಿಂದಲೂ ಒಂದೇ ತೆರ. ನನ್ನ ಮಟ್ಟಿಗೆ ಮೂರೂರಲ್ಲಿ ಇದೇ ಮೇಲು.

5. ದಿನ ಉಳಿದರೆ: ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ, ಲಾವಾ ತಣಿದು ನಿಂತ ಕಲ್ಲುಕಂಬಗಳಿಗಾಗಿ. ಮಳೆಗಾಲದಲ್ಲಿ ದೋಣಿ ಇಲ್ಲ. ಉಳಿದ ದಿನಗಳಲ್ಲೂ ಕಡಲು ಒರಟಾದರೆ ನಿಲ್ಲಿಸುತ್ತಾರೆ. ಉಡುಪಿಯಿಂದ ಹೊರಡುವ ಮುನ್ನವೇ ವಿಚಾರಿಸಿಕೊಳ್ಳಿ.