ಇಂಡೋನೇಷ್ಯಾಕ್ಕೆ ಇಸ್ಲಾಂ ಹೋದ ಬಗೆಯನ್ನು ಮಕ್ಕಳಿಗೆ ಹೀಗೆ ಹೇಳಿಕೊಡಿ

ನಾನು ಮಂಡ್ಯದಲ್ಲಿ ಹೈಸ್ಕೂಲು ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಈ ಪಾಠವನ್ನು ರಾಜರಿಂದ ಶುರು ಮಾಡಬೇಡಿ, ಗಾಳಿಯಿಂದ ಶುರು ಮಾಡಿ. ಕನ್ನಂಬಾಡಿ ಕಟ್ಟೆ ತುಂಬಿಸುವ ಮುಂಗಾರು ಗಾಳಿಯೇ ಗುಜರಾತಿನ ಮುಸ್ಲಿಂ ವ್ಯಾಪಾರಿಗಳ ಹಡಗನ್ನೂ ಪೂರ್ವಕ್ಕೆ ತಳ್ಳುತ್ತಿತ್ತು ಎಂದರೆ ನಮ್ಮ ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತದೆ. ವಾಪಸ್ ಬರಲು ಗಾಳಿ ತಿರುಗಬೇಕು ಅಲ್ವಾ? ಅಲ್ಲಿಯವರೆಗೆ ಅವರು ಬಂದರಿನಲ್ಲೇ ತಿಂಗಳುಗಟ್ಟಲೆ ಇರುತ್ತಿದ್ದರು. ಕೆಲವರು ಅಲ್ಲಿನ ಹೆಣ್ಣುಮಕ್ಕಳನ್ನೇ ಮದುವೆಯಾಗಿ ನೆಲೆಸಿದರು. ಇಲ್ಲಿ ಆತುರ ಬೇಡ. ಮಕ್ಕಳು ಜಾಸ್ತಿ ಪ್ರಶ್ನೆ ಕೇಳುವುದೇ ಇಲ್ಲಿ.

ಆಮೇಲೆ ಬೋರ್ಡಿನ ಮೇಲೆ ನಕ್ಷೆ ಬರೆದು ಇಸ್ಲಾಂ ತಲುಪಿದ ಊರುಗಳಿಗೆ ಅವರಿಂದಲೇ ಚುಕ್ಕಿ ಇಡಿಸಿ. ಮೊದಲು ಉತ್ತರ ಸುಮಾತ್ರಾದ ಪಸಾಯ್. ಅಲ್ಲಿನ ಸುಲ್ತಾನ ಮಲಿಕ್ ಅಲ್-ಸಾಲಿಹ್ ತೀರಿಕೊಂಡದ್ದು 1297ರಲ್ಲಿ. 1345ರ ಸುಮಾರಿಗೆ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ ಅದೇ ಊರಿಗೆ ಬಂದಿದ್ದ. ನಂತರ 15ನೇ ಶತಮಾನದ ಮಲಾಕಾ (ಈಗ ಮಲೇಷ್ಯಾದಲ್ಲಿದೆ), ಜಾವಾದ ದೆಮಾಕ್. ಸುಲಾವೆಸಿ ದ್ವೀಪದ ಗೋವಾ ರಾಜ್ಯದ ರಾಜ ಇಸ್ಲಾಂ ಸೇರಿದ್ದು 1605ರಲ್ಲಿ. ಇದು ನಮ್ಮ ಪಕ್ಕದ ಗೋವಾ ಅಲ್ಲ ಎಂದು ಮೊದಲೇ ಹೇಳಿಬಿಡಿ. ಸುಮ್ನೆ ಒಂದು ಬಾಣ ಎಳೆದು ಮುಗಿಸಬೇಡಿ, ಇದು ಮುನ್ನೂರು ವರ್ಷದ ಕಥೆ. ನಡುವೆ ಯುದ್ಧಗಳೂ ಆದವು, ಮುಚ್ಚಿಡಬೇಡಿ.

ಕೊನೆಗೆ ಜಾವಾದ ಕುದುಸ್ ಮಸೀದಿಯ ಇಟ್ಟಿಗೆ ಗೋಪುರದ ಚಿತ್ರ ತೋರಿಸಿ. ಹಳೇ ಜಾವಾದ ದೇವಸ್ಥಾನದ ಹಾಗೇ ಇದೆ. ಬಾಲಿಗೆ ಮಾತ್ರ ಚುಕ್ಕಿ ಬೇಡ. ಅಲ್ಲಿ ಹೆಚ್ಚಿನವರು ಇವತ್ತಿಗೂ ಹಿಂದೂಗಳು.