ಎರಡು ಲಿಗ್ಯಾಂಡ್‌ಗಳ ಕೋಬಾಲ್ಟ್ ಪಾಲಿಮರ್: ತಯಾರಿಕೆಯಲ್ಲಿ ನನ್ನ ಅನುಭವ

ಸಂಕ್ರಮಣ ಲೋಹದ ಅಯಾನುಗಳನ್ನು ಎರಡು ಬಗೆಯ ಲಿಗ್ಯಾಂಡ್‌ಗಳಿಂದ (ಲೋಹಕ್ಕೆ ಅಂಟಿಕೊಳ್ಳುವ ಅಣು ಅಥವಾ ಅಯಾನುಗಳಿಂದ) ಬೆಸೆದು ಕೋಆರ್ಡಿನೇಶನ್ ಪಾಲಿಮರ್, ಅಂದರೆ ಲೋಹ ಮತ್ತು ಲಿಗ್ಯಾಂಡ್ ಮತ್ತೆ ಮತ್ತೆ ಕೂಡಿ ಹಬ್ಬುವ ರಚನೆ, ತಯಾರಿಸುವಾಗ ಫಲಿತಾಂಶವನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ದ್ರಾವಣದ ಪಿಹೆಚ್ ಎಂಬುದು ನನ್ನ ಅನುಭವ. ನಾನು ಹೆಚ್ಚು ಕೆಲಸ ಮಾಡಿರುವುದು ಕೋಬಾಲ್ಟ್, ಟೆರೆಫ್ತಾಲಿಕ್ ಆಮ್ಲ ಮತ್ತು 4,4'-ಬೈಪಿರಿಡೀನ್ ಕೂಡಿದ ವ್ಯವಸ್ಥೆಯಲ್ಲಿ. ಆ ಆಮ್ಲ ಪ್ರೋಟಾನುಗಳನ್ನು ಕಳೆದುಕೊಂಡಾಗ ಉಂಟಾಗುವ, ಎರಡು ಋಣಾವೇಶಗಳಿರುವ ಟೆರೆಫ್ತಾಲೇಟ್ ಲೋಹದ ಧನಾವೇಶವನ್ನು ಸರಿದೂಗಿಸುತ್ತದೆ. ಆವೇಶವಿಲ್ಲದ ಬೈಪಿರಿಡೀನ್ ಆ ಸಮತೋಲನವನ್ನು ಕೆಡಿಸದೆ ಇನ್ನೊಂದು ದಿಕ್ಕಿನಲ್ಲಿ ಸೇತುವೆಯಾಗುತ್ತದೆ. ಮಿಶ್ರ ಲಿಗ್ಯಾಂಡ್‌ಗಳ ಮೊದಲ ಅನುಕೂಲ ಇದೇ.

ದ್ರಾವಣ ಹೆಚ್ಚು ಆಮ್ಲೀಯವಾಗಿದ್ದರೆ ಬೈಪಿರಿಡೀನ್‌ನ ನೈಟ್ರೋಜನ್ ಪ್ರೋಟಾನನ್ನು ಹಿಡಿದುಕೊಂಡು ಲೋಹದ ಜೊತೆ ಸೇರಲಾರದು, ಟೆರೆಫ್ತಾಲಿಕ್ ಆಮ್ಲವೂ ಕರಗದೆ ಉಳಿಯುತ್ತದೆ. ಕ್ಷಾರ ಹೆಚ್ಚಾದರೆ ಕೋಬಾಲ್ಟ್ ಹೈಡ್ರಾಕ್ಸೈಡ್ ಬೇರ್ಪಡುತ್ತದೆ. ಆದ್ದರಿಂದ ನಾನು 0.083 ಗ್ರಾಂ ಆಮ್ಲವನ್ನು, ಅಂದರೆ 0.5 ಮಿಲಿಮೋಲ್‌ನಷ್ಟನ್ನು, 1 ಮಿಲಿಮೋಲ್ ಸೋಡಿಯಂ ಹೈಡ್ರಾಕ್ಸೈಡ್ ಇರುವ ನೀರಿನಲ್ಲಿ ಮೊದಲೇ ಪೂರ್ತಿ ಕರಗಿಸಿ, 0.078 ಗ್ರಾಂ ಬೈಪಿರಿಡೀನ್ ಬೆರೆಸಿ, ಕೊನೆಗೆ 0.146 ಗ್ರಾಂ ಕೋಬಾಲ್ಟ್ ನೈಟ್ರೇಟ್ ಹೆಕ್ಸಾಹೈಡ್ರೇಟಿನ ದ್ರಾವಣವನ್ನು ಕಲಕುತ್ತಾ ಸೇರಿಸುತ್ತೇನೆ. ಆಗ ಕೂಡಲೇ ಪುಡಿಯಂಥ ಒತ್ತರ ಕಾಣಿಸಿಕೊಂಡರೆ ಗಾಬರಿಪಡಬೇಕಿಲ್ಲ. ಟೆಫ್ಲಾನ್ ಒಳಪಾತ್ರೆಯ ಆಟೋಕ್ಲೇವ್‌ನಲ್ಲಿ (ಒತ್ತಡ ತಡೆಯುವ ಬಿಗಿ ಮುಚ್ಚಳದ ಪಾತ್ರೆಯಲ್ಲಿ) ಮುಚ್ಚಿ 150 ಡಿಗ್ರಿ ಸೆಲ್ಸಿಯಸ್‌ನಲ್ಲಿ 72 ಗಂಟೆ ಇಟ್ಟಾಗ ಅದು ಸ್ವಲ್ಪ ಸ್ವಲ್ಪವಾಗಿ ಕರಗಿ ಹರಳಾಗಿ ಬೆಳೆಯಲು ಅವಕಾಶ ಸಿಗುತ್ತದೆ. ತಣಿಸುವಾಗ ಮಾತ್ರ ಅವಸರ ಸಲ್ಲದು. ಗಂಟೆಗೆ 5 ಡಿಗ್ರಿಯಂತೆ ಇಳಿಸಿದರೆ ಎಕ್ಸ್-ಕಿರಣ ಅಧ್ಯಯನಕ್ಕೆ ತಕ್ಕ ಹರಳುಗಳು ಸಿಗುವ ಸಾಧ್ಯತೆ ಹೆಚ್ಚು.

ಹರಳುಗಳನ್ನು ಮೂಲದ್ರಾವಣದಲ್ಲಿಯೇ ಉಳಿಸಿ ಸೂಕ್ಷ್ಮದರ್ಶಕದಡಿ ನೋಡುವುದು ಲೇಸು. ರಂಧ್ರಗಳಲ್ಲಿರುವ ನೀರು ಹೊರಟುಹೋದಂತೆ ಪಾರದರ್ಶಕವಾಗಿದ್ದ ಗುಲಾಬಿ ಹರಳಿನ ಅಂಚಿನಲ್ಲಿ ಸಣ್ಣ ಬಿರುಕುಗಳು ಮೂಡಿ ಅದು ಮಬ್ಬಾಗುತ್ತದೆ, ಮತ್ತೆ ಅದು ಏಕಹರಳು ಮಾಪನಕ್ಕೆ ಒದಗುವುದಿಲ್ಲ.

ರಚನೆ ಸಿಕ್ಕ ಮಾತ್ರಕ್ಕೆ ಕೆಲಸ ಮುಗಿಯಿತೆಂದು ನಾನು ಒಪ್ಪುವುದಿಲ್ಲ. ಆರಿಸಿಕೊಂಡ ಒಂದು ಹರಳು ಪಾತ್ರೆಯಲ್ಲಿರುವ ಇಡೀ ಮಾದರಿಯನ್ನು ಪ್ರತಿನಿಧಿಸುತ್ತದೆಯೇ ಎಂಬುದನ್ನು, ರಚನೆಯಿಂದ ಲೆಕ್ಕ ಹಾಕಿದ ವಿನ್ಯಾಸದೊಂದಿಗೆ ಪುಡಿಯ ಎಕ್ಸ್-ಕಿರಣ ವಿವರ್ತನೆಯನ್ನು ಹೋಲಿಸಿಯೇ ತಿಳಿಯಬೇಕು; ಒಂದೇ ಲಿಗ್ಯಾಂಡ್ ಇರುವ ಉಪೋತ್ಪನ್ನ ಬೆರೆತಿದ್ದರೆ ಹೆಚ್ಚುವರಿ ಶಿಖರಗಳು ಅದನ್ನು ತೋರಿಸಿಕೊಡುತ್ತವೆ. ಅವಕೆಂಪು ರೋಹಿತದಲ್ಲಿ 1700 ಸೆಂ.ಮೀ⁻¹ ಆಸುಪಾಸಿನ ಆಮ್ಲದ ಪಟ್ಟಿ ಇಲ್ಲವಾಗಿರುವುದು ಒಳ್ಳೆಯ ಸೂಚನೆ. ಆದರೆ ಕಾರ್ಬಾಕ್ಸಿಲೇಟ್‌ನ (ಟೆರೆಫ್ತಾಲೇಟ್‌ನ ಋಣಾವೇಶದ ತುದಿಯ) ಅಸಮಮಿತ ಕಂಪನದ ಪಟ್ಟಿಯೂ ಬೈಪಿರಿಡೀನ್ ಉಂಗುರದ ಪಟ್ಟಿಯೂ 1600 ಸೆಂ.ಮೀ⁻¹ ಸಮೀಪ ಒಂದರ ಮೇಲೊಂದು ಬೀಳುವುದರಿಂದ, ಅದೊಂದನ್ನೇ ನಂಬಿ ಬಂಧದ ಬಗೆಯನ್ನು ಹೇಳುವುದು ಸರಿಯಲ್ಲ.

ಕಾಂತೀಯ ಗುಣಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಷ್ಟಮುಖಿ ಪರಿಸರದ ಕೋಬಾಲ್ಟ್‌ಗೆ ಸ್ಪಿನ್ ಮಾತ್ರದ ಲೆಕ್ಕದಲ್ಲಿ 3.87 ಬೋರ್ ಮ್ಯಾಗ್ನೆಟಾನ್ (ಕಾಂತೀಯ ಮಹತ್ವದ ಏಕಮಾನ) ಬರುತ್ತದೆ. ಕಕ್ಷೀಯ ಕೊಡುಗೆಯಿಂದಾಗಿ ಅಳತೆಯಲ್ಲಿ ಅದಕ್ಕಿಂತ ಸಾಕಷ್ಟು ಹೆಚ್ಚಿನ ಮೌಲ್ಯ ಸಿಗುತ್ತದೆ. ತಾಪ ಇಳಿದಂತೆ ಈ ಮೌಲ್ಯವೂ ಇಳಿದರೆ ಅದನ್ನು ತಕ್ಷಣ ಪ್ರತಿಫೆರೋಕಾಂತೀಯತೆ (ನೆರೆಯ ಅಯಾನುಗಳ ಸ್ಪಿನ್‌ಗಳು ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುವುದು) ಎಂದು ಬರೆಯಬಾರದು, ಏಕೆಂದರೆ ಒಂದೇ ಅಯಾನಿನೊಳಗಿನ ಸ್ಪಿನ್-ಕಕ್ಷೆ ಜೋಡಣೆಯೊಂದರಿಂದಲೇ ಅಂಥ ಇಳಿಕೆ ಬರಬಲ್ಲದು. ಸುಮಾರು 11 ಆಂಗ್‌ಸ್ಟ್ರಾಮ್ ದೂರದಲ್ಲಿ ಲೋಹಗಳನ್ನು ಇರಿಸುವ ಉದ್ದನೆಯ ಬೈಪಿರಿಡೀನ್ ಸೇತುವೆಯ ಮೂಲಕ ಸಾಗುವ ವಿನಿಮಯವಂತೂ (ಅಯಾನುಗಳ ಸ್ಪಿನ್‌ಗಳ ನಡುವಿನ ಪ್ರಭಾವ) ಬಹಳ ದುರ್ಬಲ. ಸ್ಪಿನ್-ಕಕ್ಷೆ ಜೋಡಣೆ ಮತ್ತು ವಿನಿಮಯ ಎರಡನ್ನೂ ಬೇರ್ಪಡಿಸಲು ಅದೇ ರಚನೆಯ ಸತು ಪಾಲಿಮರ್ ತಯಾರಿಸಿ, ಅದರಲ್ಲಿ ಕೋಬಾಲ್ಟನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿ ಅಳೆಯುವ ಕ್ರಮವನ್ನು ನಾನು ಇಷ್ಟಪಡುತ್ತೇನೆ: ಕೋಬಾಲ್ಟ್ ಅಯಾನುಗಳು ದೂರ ದೂರವಾಗಿರುವ ಆ ಮಾದರಿಯಲ್ಲೂ ಇಳಿಕೆ ಹಾಗೆಯೇ ಉಳಿದರೆ, ಅದು ಒಂಟಿ ಅಯಾನಿನದೇ ಗುಣ.