ಕೆಂಪಿಗೆ ಎಚ್ಚರವಾಗದ ನಕ್ಷತ್ರ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ರಿಪೇರಿ ಅಂಗಡಿ. ಮಿಕ್ಸರ್, ಫ್ಯಾನ್, ಈಗೀಗ ಹೆಚ್ಚಾಗಿ ಎಲ್‌ಇಡಿ ಬಲ್ಬು. ಓದಿದ್ದು ಐಟಿಐ. ಹೋದ ವರ್ಷ ಮಗಳು ಪಿಯುಸಿ ಎರಡನೇ ವರ್ಷದ ಭೌತಶಾಸ್ತ್ರದ ಪುಸ್ತಕ ತಂದು ಎದುರಿಗಿಟ್ಟಳು. "ಅಪ್ಪಾ, ಬೆಳಕು ಅಲೆನೂ ಹೌದಂತ, ಕಣನೂ ಹೌದಂತ. ಎರಡೂ ಹೆಂಗ ಆಗ್ತದ?" ಮೂವತ್ತು ವರ್ಷ ಬೆಳಕಿನ ಕೆಲಸವನ್ನೇ ಮಾಡಿಕೊಂಡು ಬಂದವನು ನಾನು. ಇದನ್ನು ತಿಳಿದುಕೊಳ್ಳಲೇಬೇಕು ಅನ್ನಿಸಿತು.

ಮೊದಲ ತಿಂಗಳು ರಾತ್ರಿ ಊಟವಾದ ಮೇಲೆ ವಿಡಿಯೊ ನೋಡಿದೆ. ಎಲ್ಲರೂ ಬೆಕ್ಕಿನಿಂದಲೇ ಶುರು ಮಾಡುತ್ತಾರೆ: ಪೆಟ್ಟಿಗೆಯೊಳಗೆ ಸತ್ತೂ ಇದೆ, ಬದುಕಿಯೂ ಇದೆ. ವಿಜ್ಞಾನಿ ಶ್ರೋಡಿಂಗರ್ ಆ ಊಹೆಯ ಬೆಕ್ಕನ್ನು ತಂದದ್ದು 1935ರಲ್ಲಿ, ಕ್ವಾಂಟಂ ಶಾಸ್ತ್ರ, ಅಂದರೆ ಅತಿ ಸಣ್ಣ ಕಣಗಳ ಭೌತಶಾಸ್ತ್ರ, ಹುಟ್ಟಿ ಮೂವತ್ತೈದು ವರ್ಷವಾದ ಮೇಲೆ. ಮೊದಲು 1900ರ ಬಾಗಿಲಿನಿಂದ ಒಳಗೆ ಹೋಗಬೇಕು. ಆ ವರ್ಷ ಮ್ಯಾಕ್ಸ್ ಪ್ಲಾಂಕ್, ಶಕ್ತಿಯ ಕೊಡುಕೊಳ್ಳುವಿಕೆ ಗಂಟುಗಂಟಾಗಿ ನಡೆಯುತ್ತದೆ ಎಂದು ಲೆಕ್ಕ ಹಾಕಿದರು. 1905ರಲ್ಲಿ ಐನ್‌ಸ್ಟೈನ್, ಬೆಳಕೇ ಗಂಟುಗಂಟಾಗಿ ಬರುತ್ತದೆ ಎಂದರು. ಕೆಂಪಿನ ಗಂಟು ಸಣ್ಣದು, ನೀಲಿಯದು ದೊಡ್ಡದು.

ಓದಿದಾಗ ಇದು ಬರೀ ಮಾತಾಗಿತ್ತು. ಕಣ್ಣಿಗೆ ಕಂಡದ್ದು ಮನೆಯಲ್ಲಿ. ಕತ್ತಲಲ್ಲಿ ಹಸಿರಾಗಿ ಹೊಳೆಯುವ ನಕ್ಷತ್ರದ ಸ್ಟಿಕರ್ ಮಕ್ಕಳ ಕೋಣೆಯ ಛತ್ತಿಗೆ ಹಚ್ಚಿರುತ್ತೇವಲ್ಲ, ಅಂಥದ್ದೊಂದನ್ನು ಕಿತ್ತು ರಾತ್ರಿಯಿಡೀ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟೆ. ಮರುದಿನ ರಾತ್ರಿ ಬಾಗಿಲು ಕಿಟಕಿ ಹಾಕಿ, ಅದರ ಮೇಲೆ 10 ವಾಟಿನ ಕೆಂಪು ಎಲ್‌ಇಡಿ ಫ್ಲಡ್‌ಲೈಟ್ ಹತ್ತು ನಿಮಿಷ ಬಿಟ್ಟೆ. ಕೋಣೆಯೆಲ್ಲ ಕುಂಕುಮ ಚೆಲ್ಲಿದಂತಾಯಿತು. ಲೈಟ್ ಆರಿಸಿದರೆ ನಕ್ಷತ್ರ ಕಪ್ಪಗೇ ಇತ್ತು. ಆಮೇಲೆ ಸ್ಟೆಬಿಲೈಜರಿನ ಇಂಡಿಕೇಟರಿಗೆ ಹಾಕುವ ಒಂದೇ ಒಂದು ನೀಲಿ ಎಲ್‌ಇಡಿಯನ್ನು ಹತ್ತಿರ ಹಿಡಿದು ಐದು ಎಣಿಸಿದೆ. ಎಲ್‌ಇಡಿ ಇದ್ದ ಜಾಗದಲ್ಲಿ ಕಾಳಿನಷ್ಟು ಹಸಿರು ಬೆಳಕು ಕೂತಿತ್ತು. ಮಗಳು ನನ್ನ ಕೈ ಹಿಡಿದುಕೊಂಡಳು.

ಇದನ್ನು ನನಗೆ ಸರಿಯಾಗಿ ಬಿಡಿಸಿ ಹೇಳಿದವನು ಹಾರ್ನ್ ರಿಪೇರಿಗೆ ಬಂದ ಶೇರ್ ಆಟೊದ ಹುಡುಗ. ಎಲ್ಲ ಕೇಳಿ, "ಅದರಾಗ ಏನದ ಮಾಮಾ? ಸೀಟಿಗೆ ಹತ್ತು ರೂಪಾಯಿ. ಐದೈದು ಹಿಡ್ಕೊಂಡು ನೂರು ಮಂದಿ ನಿಂತ್ರೂ ಒಬ್ಬನೂ ಗಾಡಿ ಹತ್ತಲ್ಲ. ಹತ್ತು ಇದ್ದವ ಒಬ್ಬನೇ ಬಂದ್ರೂ ಕೂಡ್ತಾನ" ಎಂದ. ಇಬ್ಬರು ಐದೈದು ಕೂಡಿಸಿದರೆ ಎಂದು ಕೇಳಿದೆ. "ಸೀಟಿಗೆ ಒಬ್ಬನೇ." ಅದೂ ಸರಿಯೇ. ಸಾಮಾನ್ಯ ಬೆಳಕಿನಲ್ಲಿ ಎರಡು ಗಂಟು ಒಂದೇ ಗಳಿಗೆಗೆ ಸ್ಟಿಕರಿನೊಳಗಿನ ಒಂದೇ ಎಲೆಕ್ಟ್ರಾನಿಗೆ ತಾಗುವುದು ಇಲ್ಲವೆಂಬಷ್ಟು ಅಪರೂಪ.

ಅಲ್ಲಿಂದ ನನ್ನ ಕೆಲಸದ ಸಾಮಾನೇ ಬೇರೆ ಥರ ಕಾಣತೊಡಗಿತು. ಬಿಳಿ ಎಲ್‌ಇಡಿ ಬಲ್ಬಿನ ಚಿಪ್ ಮೇಲೆ ಹಳದಿ ಲೇಪ ಇರುತ್ತದೆ. ಅದರ ಕೆಳಗಿರುವುದು ನೀಲಿ ಎಲ್‌ಇಡಿ. ನೀಲಿಯ ದೊಡ್ಡ ಗಂಟನ್ನು ನುಂಗಿ ಲೇಪ ಹಳದಿಯ ಸಣ್ಣ ಗಂಟನ್ನು ಬಿಡುತ್ತದೆ, ಎರಡೂ ಬೆರೆತು ಬಿಳಿ. ನಾನು ಅಂಗಡಿ ಹಾಕಿದ ಕಾಲಕ್ಕೆ ಕೆಂಪು, ಹಸಿರು ಇಂಡಿಕೇಟರ್ ಮಾತ್ರ ಸಿಗುತ್ತಿದ್ದವು. ನೀಲಿ ಯಾಕೆ ಅಷ್ಟು ತಡವಾಗಿ ಬಂತು, ಅದನ್ನು ಮಾಡಿದ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಯಾಕೆ ಬಂತು ಎನ್ನುವುದು ಈಗ ತಿಳಿಯಿತು. ಅಷ್ಟು ದೊಡ್ಡ ಗಂಟು ಕಟ್ಟಬಲ್ಲ ಹರಳನ್ನು ಕಲೆಯಿಲ್ಲದಂತೆ ಬೆಳೆಸುವುದೇ ಕಷ್ಟವಾಗಿತ್ತು.

ಒಂದು ಭಾನುವಾರ ಮಗಳ ಜೊತೆ ಗಂಟಿನ ಗಾತ್ರದ ಅಳತೆಗೆ ಕೂತೆ. 9 ವೋಲ್ಟಿನ ಬ್ಯಾಟರಿ, ಒಂದು ರೆಸಿಸ್ಟರ್, ಹಳೆಯ ರೇಡಿಯೊದಿಂದ ಬಿಚ್ಚಿದ ವಾಲ್ಯೂಮ್ ಕಂಟ್ರೋಲ್, ಮಲ್ಟಿಮೀಟರ್. ಎಲ್‌ಇಡಿಗೆ ಕಪ್ಪು ಕಾಗದದ ಕೊಳವೆ ತೊಡಿಸಿ, ಒಳಗೆ ಇಣುಕುತ್ತಾ ನಿಧಾನಕ್ಕೆ ತಿರುಗಿಸಬೇಕು. ಕಿಡಿಯಷ್ಟು ಬೆಳಕು ಕಂಡ ಕೂಡಲೇ ಮೀಟರ್ ಓದಬೇಕು. ಕೆಂಪು 1.75 ವೋಲ್ಟಿಗೆ ಹತ್ತಿತು, ನೀಲಿ 2.45ಕ್ಕೆ. ತರಂಗದೂರ ಕೆಂಪಿಗೆ 630 ನ್ಯಾನೊಮೀಟರ್, ನೀಲಿಗೆ 470 ಎಂದು ಹಿಡಿದು, ಎರಡರ ನಡುವಿನ ವ್ಯತ್ಯಾಸದಿಂದ ಮಗಳು ಲೆಕ್ಕ ಮಾಡಿದಳು. ಗಂಟಿನ ಗಾತ್ರವನ್ನು ನಿಗದಿ ಮಾಡುವ ಸಂಖ್ಯೆಗೆ ಪ್ಲಾಂಕ್ ಸ್ಥಿರಾಂಕ ಎನ್ನುತ್ತಾರೆ. ಅದಕ್ಕೆ ನಮಗೆ ಬಂದದ್ದು 6.9, ಪುಸ್ತಕದಲ್ಲಿರುವುದು 6.626. ಪೂರ್ತಿ ಬರೆದರೆ ದಶಾಂಶ ಬಿಂದುವಿನ ನಂತರ 33 ಸೊನ್ನೆ, ಆಮೇಲೆ ಈ ಅಂಕಿಗಳು. ಅಷ್ಟು ಸಣ್ಣದಾದ ಒಂದು ಸಂಖ್ಯೆಯ ಗುರುತು ನಮ್ಮ ಅಂಗಡಿಯ ಮೀಟರಿನಲ್ಲಿ ಸಿಕ್ಕಿತ್ತು. ಆ ಹಾಳೆಯನ್ನು ಗಲ್ಲಾದ ಹಿಂದಿನ ಗೋಡೆಗೆ ಅಂಟಿಸಿದ್ದೇನೆ.

ಅಲೆಯ ಪಾಲು ಉಳಿದಿತ್ತು. ಅದಕ್ಕೆ ಅವ್ವನ ತಲೆಗೂದಲು ಒಂದನ್ನು ಲೇಸರ್ ಟಾರ್ಚಿನ ಮೂತಿಗೆ ಅಡ್ಡ ಅಂಟಿಸಿ, 3 ಮೀಟರ್ ದೂರದ ಗೋಡೆಗೆ ಬಿಟ್ಟೆವು. (ಲೇಸರನ್ನು ಕಣ್ಣಿಗೆ ಮಾತ್ರ ಬಿಡಬಾರದು.) ಒಂದು ಚುಕ್ಕೆ ಬೀಳುವ ಜಾಗದಲ್ಲಿ ಬೆಳಕು, ಕತ್ತಲು, ಬೆಳಕು, ಕತ್ತಲು ಎಂದು ಉದ್ದಕ್ಕೆ ಹರಡಿತು. ಅಲೆಗೆ ಅಲೆ ಕೂಡಿದಲ್ಲಿ ಬೆಳಕು, ಅಲೆಯನ್ನು ಅಲೆ ಅಳಿಸಿದಲ್ಲಿ ಕತ್ತಲು. ಕತ್ತಲಿಂದ ಕತ್ತಲಿಗೆ 2.8 ಸೆಂಟಿಮೀಟರ್, ಲೆಕ್ಕ ಮಾಡಿದರೆ ಕೂದಲಿನ ದಪ್ಪ ಮಿಲಿಮೀಟರಿನ ನೂರರಲ್ಲಿ ಏಳು ಪಾಲು ಬರುತ್ತದೆ. ಅವ್ವ ಬೊಕ್ಕತಲೆಯಾಗುವ ಮೊದಲು ಆಟ ಮುಗಿಸಿರಿ ಎಂದಳು.

ನನ್ನನ್ನು ನಿಜವಾಗಿ ಅಲ್ಲಾಡಿಸಿದ್ದು ಜಪಾನಿನ ಟೊನೊಮುರಾ ತಂಡ 1989ರಲ್ಲಿ ಪ್ರಕಟಿಸಿದ ಪ್ರಯೋಗ. ಅವರು ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಎರಡು ದಾರಿಯತ್ತ ಬಿಟ್ಟರು. ಪರದೆಯ ಮೇಲೆ ಒಂದೊಂದೇ ಚುಕ್ಕೆ, ರಾಶಿಯ ಮೇಲೆ ಜೋಳದ ಕಾಳು ಉದುರಿದ ಹಾಗೆ. ಸಾವಿರಾರು ಬಿದ್ದ ಮೇಲೆ ಅದೇ ಪಟ್ಟೆಗಳು. ಜೊತೆಗಾರರಿಲ್ಲದೆ ಬಂದ ಕಾಳಿಗೆ ಎಲ್ಲಿ ಬೀಳಬಾರದು ಎಂದು ಹೇಗೆ ತಿಳಿಯಿತು?

ಮೊನ್ನೆ ಆಟೊದ ಹುಡುಗ ಮತ್ತೆ ಬಂದಿದ್ದ. ಇಷ್ಟನ್ನು ಹೇಳಿದೆ. "ಹಂಗಾದ್ರ ಅದು ಯಾವ ಗಲ್ಲಿಯಿಂದ ಬಂತು?" ಎಂದ. ಯಾವ ಗಲ್ಲಿ ಎಂದು ಕಾವಲು ಹಾಕಿದರೆ ಪಟ್ಟೆಗಳೇ ಅಳಿಸಿಹೋಗುತ್ತವೆ ಎಂದೆ. ಅವನ ಕೈಯಲ್ಲಿದ್ದ ಚಹಾ ಆರಿಹೋಯಿತು. ಹೊರಗೆ ಗಾಡಿಯಲ್ಲಿ ಕೂತ ಸವಾರಿ ಹಾರ್ನ್ ಒತ್ತುತ್ತಲೇ ಇತ್ತು.